‘ಪೇನ್’ ಅಂದರೆ ಸಾಲದು: ನೋವನ್ನು ವೈದ್ಯರಿಗೆ ಹೇಳುವ ಬಗೆ

ಚಾಮರಾಜನಗರ ಕಡೆಯ ಉಡಿಗಾಲದ ಅಜ್ಜಿಯೊಬ್ಬರು ‘ಮಂಡಿ ಸೇದ್ತದ, ಪಾದ ಜುಮ್ ಅಂತದ, ಅಂಗಾಲು ಉರೀತದ’ ಎನ್ನುತ್ತಾರೆ ಎಂದುಕೊಳ್ಳಿ. ಆಸ್ಪತ್ರೆಗೆ ಕರೆದೊಯ್ದ ಮೊಮ್ಮಗ ವೈದ್ಯರ ಮುಂದೆ ‘ಲೆಗ್ ಪೇನ್ ಸರ್’ ಎಂದು ಮುಗಿಸಿಬಿಡುತ್ತಾನೆ. ಮಂಡಿಯ ಸೆಳೆತ ಕೀಲು ಸವೆದದ್ದರಿಂದ ಬಂದಿರಬಹುದು. ಪಾದದ ಜೋಮು, ಅಂಗಾಲಿನ ಉರಿ ಸಕ್ಕರೆ ಕಾಯಿಲೆಯಿಂದ ನರ ಸೊರಗಿದ್ದರ ಗುರುತಿರಬಹುದು. ಆ ಒಂದು ಇಂಗ್ಲಿಷ್ ಪದದಲ್ಲಿ ಈ ವ್ಯತ್ಯಾಸವೇ ಅಳಿಸಿಹೋಯಿತು.

ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕನ್ನಡ ಇನ್ನೂ ಕಲಿಯುತ್ತಿರುವ ಯುವ ವೈದ್ಯರು ಎದುರಾದಾಗ ಮನೆಯ ಓದಿದ ಮಕ್ಕಳೇ ದುಭಾಷಿಗಳು. ಈ ಬರಹ ಮುಖ್ಯವಾಗಿ ಆ ಮಕ್ಕಳಿಗೆ.

ಮೊದಲು ಮನೆಯಲ್ಲೇ ಹಿರಿಯರ ಮಾತನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಎಲ್ಲಿ ಎಂದು ಕೇಳಿ, ಬೆರಳಿಟ್ಟು ತೋರಿಸಲಿ. ಒಂದೇ ಬೆರಳಲ್ಲಿ ತೋರಿಸುತ್ತಾರೋ, ಅಂಗೈಯನ್ನೇ ಇಡುತ್ತಾರೋ ಎಂಬುದನ್ನೂ ಗಮನಿಸಿ. ಎಂದು ಶುರುವಾಯಿತು, ಜಾಗ ಬದಲಿಸಿತೇ, ಯಾವಾಗ ಹೆಚ್ಚುತ್ತದೆ, ಏನು ಮಾಡಿದರೆ ತಗ್ಗುತ್ತದೆ ಎಂದು ಕೇಳಿ. ಅರಿಸಿನ ಕೀಳಲು ಬಗ್ಗಿದಾಗ ಬರುವ ಸೊಂಟನೋವು, ರಾತ್ರಿ ಮಲಗಿದರೂ ಬಿಡದ ಸೊಂಟನೋವು ಒಂದೇ ಅಲ್ಲ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದರೆ ಅಪೆಂಡಿಸೈಟಿಸ್ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಆಮೇಲೆ ಇಂಗ್ಲಿಷ್. ‘ಪೇನ್’ ಎಲ್ಲ ನೋವಿಗೂ ಸಲ್ಲುವ ಪದ. ಶಿಕ್ಷೆ, ದಂಡ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ‘ಪೆನಾಲ್ಟಿ’ ಅದರ ಒಡಹುಟ್ಟು. ಮನಸ್ಸಿನ ನೋವಿಗೂ ಅದೇ ಪದ. ‘ಟೇಕ್ ಪೇನ್ಸ್’ ಎಂದರೆ ಮಾತ್ರ ನೋವಲ್ಲ, ಶ್ರಮವಹಿಸುವುದು. ಮಂದವಾಗಿ, ಬಿಡದೆ ಕಾಡುವುದು ‘ಏಕ್’: ತಲೆ, ಹಲ್ಲು, ಹೊಟ್ಟೆ, ಬೆನ್ನಿನ ಹೆಸರಿಗೆ ಅಂಟಿಕೊಳ್ಳುತ್ತದೆ, ಎದೆನೋವಿಗೆ ಮಾತ್ರ ‘ಚೆಸ್ಟ್ ಪೇನ್’ ಎಂದೇ ಹೇಳಬೇಕು. ಕೆರೆದಂತಾದ ಗಂಟಲು ‘ಸೋರ್’. ‘ಮೈ ಹ್ಯಾಂಡ್ ಈಸ್ ಪೇನಿಂಗ್’ ನಮ್ಮ ದೇಶದಲ್ಲಿ ನಡೆಯುತ್ತದೆ, ವಿದೇಶದಲ್ಲಿ ‘ಮೈ ಹ್ಯಾಂಡ್ ಹರ್ಟ್ಸ್’ ಎನ್ನಿ.

ಇನ್ನು ಬಗೆ. ಉರಿ ‘ಬರ್ನಿಂಗ್’, ಚುಳ್ ಎಂದು ಚುಚ್ಚುವುದು ‘ಪ್ರಿಕಿಂಗ್’, ಇರಿದಂತಾದರೆ ‘ಸ್ಟ್ಯಾಬಿಂಗ್’, ನಾಡಿಯಂತೆ ಮಿಡಿಯುವುದು ‘ಥ್ರಾಬಿಂಗ್’, ಮೀನಖಂಡ ಹಿಡಿದುಕೊಳ್ಳುವುದು ‘ಕ್ರ್ಯಾಂಪ್’. ಜುಮ್ ಎನ್ನುವುದು ‘ಟಿಂಗ್ಲಿಂಗ್’, ಮುಟ್ಟಿದರೂ ತಿಳಿಯದ ಮರಗಟ್ಟು ‘ನಂಬ್‌ನೆಸ್’; ಇವೆರಡನ್ನೂ ಪೇನ್ ಎನ್ನಲೇಬೇಡಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಇಂಥ 78 ಪದಗಳನ್ನು 20 ಗುಂಪು ಮಾಡಿ ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ರೋಗಿಯ ಮಾತಿಗೆ ಅಷ್ಟು ಬೆಲೆಯಿದೆ. ಇಂಗ್ಲಿಷ್ ಪದ ಹೊಳೆಯದಿದ್ದರೆ ಕನ್ನಡದ್ದನ್ನೇ ಹೇಳಿ, ನರ್ಸ್ ಬಿಡಿಸಿ ಹೇಳುತ್ತಾರೆ.

ಎರಡು ಪದಗಳಲ್ಲಿ ಎಚ್ಚರ. ‘ನರ’ ಎಂದರೆ ನಮ್ಮವರಿಗೆ ರಕ್ತನಾಳವೂ ಹೌದು, ಸ್ನಾಯುವೂ ಹೌದು. ‘ನರ್ವ್’ ಎಂದು ಅನುವಾದಿಸುವ ಬದಲು ಜಾಗ ತೋರಿಸಿ. ಇನ್ನೊಂದು ‘ಗ್ಯಾಸ್ಟ್ರಿಕ್’. ಇದು ಜೀವವನ್ನೇ ತೆಗೆಯಬಲ್ಲ ಪದ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ಬೆವರು, ಉಸಿರುಕಟ್ಟು ಇದ್ದರೆ ಅದು ಹೃದಯಾಘಾತವಿರಬಹುದು, ‘ಗ್ಯಾಸ್ಟ್ರಿಕ್’ ಎಂದುಕೊಂಡು ಗ್ಯಾಸ್ ಮಾತ್ರೆ ನುಂಗಿ ಕಾಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಬರಿಯ ಸುಸ್ತು, ಹೊಟ್ಟೆ ಉರಿಯಾಗಿಯೂ ಬರಬಹುದು. ತಕ್ಷಣ 108ಕ್ಕೆ ಕರೆ ಮಾಡಿ.

ಕೊನೆಗೆ, ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ವೈದ್ಯರು ಕೇಳಿದರೆ ಅಂಕಿಯನ್ನು ಹಿರಿಯರೇ ಹೇಳಲಿ. ನಮ್ಮ ಹೆಣ್ಣುಮಕ್ಕಳು ನೋವನ್ನು ಕಡಿಮೆ ಮಾಡಿಯೇ ಹೇಳುತ್ತಾರೆ. ‘ಕೆಲಸ ಬಿಟ್ಟು ಕೂರುವಷ್ಟಾ?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಅಂಗಡಿಯಿಂದ ತಂದು ನುಂಗುತ್ತಿರುವ ನೋವಿನ ಮಾತ್ರೆಯ ಪಟ್ಟಿಯನ್ನೂ ಮರೆಯದೆ ತೋರಿಸಿ. ಡೈಕ್ಲೋಫೆನಾಕ್‌ನಂಥವು ಬಹುದಿನ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಬಸ್ಸು ಹತ್ತುವ ಮೊದಲು ಹಿರಿಯರ ಮಾತು ಬರೆದುಕೊಂಡ ಚೀಟಿ, ಮಾತ್ರೆಪಟ್ಟಿ ಎರಡೂ ಜೇಬಿನಲ್ಲಿವೆಯೇ ನೋಡಿಕೊಳ್ಳಿ.