ಫೌಲ್ ಆಯ್ತು ಅಂತ ಯಾರು ಹೇಳಬೇಕು?

ಗಲ್ಲಿ ಕ್ರಿಕೆಟ್‌ನಲ್ಲೂ ಬ್ಯಾಟಿಂಗ್ ಟೀಮ್‌ನವನೊಬ್ಬ ಅಂಪೈರ್ ಆಗಿ ನಿಂತಿರುತ್ತಾನೆ. ಅವನು ಮೋಸ ಮಾಡಬಹುದು, ಆದರೆ ಬೈಯೋದಕ್ಕಾದರೂ ಒಬ್ಬ ಇರುತ್ತಾನೆ. ನಾವು ಪಾರ್ಲರ್‌ಗೆ ಹೋಗಿ ಆಡುವ ಸ್ನೂಕರ್, ಬಿಲಿಯರ್ಡ್ಸ್‌ನಲ್ಲಿ ಅದೂ ಇಲ್ಲ. ಇಬ್ಬರು ಆಡುತ್ತಾರೆ, ಟೇಬಲ್ ಸುತ್ತ ಆರೇಳು ಜನ ನಿಂತಿರುತ್ತಾರೆ, ಸೋತವನು ಟೇಬಲ್ ದುಡ್ಡು ಕೊಡಬೇಕು. ಅಂದರೆ ನಾಲ್ಕು ಪಾಯಿಂಟ್‌ನ ಒಂದು ಫೌಲ್‌ಗೆ ನಿಜವಾಗಲೂ ಬೆಲೆ ಇದೆ. ಈ ಲೇಖನ ಆಡುವ ಇಬ್ಬರಿಗಿಂತ ಹೆಚ್ಚಾಗಿ ಸುತ್ತ ನಿಂತಿರುವ ಆ ಆರೇಳು ಜನರ ಬಗ್ಗೆ.

ಸ್ವಲ್ಪ ಹಿನ್ನೆಲೆ. ಸ್ನೂಕರ್ ನಮ್ಮ ದೇಶದಲ್ಲೇ ಹುಟ್ಟಿದ ಆಟ. 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೈನ್ಯದ ಅಧಿಕಾರಿಗಳು ಬಿಲಿಯರ್ಡ್ಸ್ ಟೇಬಲ್ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ಶುರು ಮಾಡಿದರು, ಆಮೇಲೆ ಊಟಿ ಕ್ಲಬ್‌ನಲ್ಲಿ ಇದರ ನಿಯಮಗಳು ಒಂದು ರೂಪಕ್ಕೆ ಬಂದವು. 1958ರಲ್ಲಿ ವಿಲ್ಸನ್ ಜೋನ್ಸ್ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಬೆಂಗಳೂರಲ್ಲಿ ಅರವಿಂದ್ ಸವೂರ್ ಅವರ ಹತ್ತಿರ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದು, ಆಮೇಲೆ ಎರಡೂ ಆಟದಲ್ಲಿ ಸಾಲು ಸಾಲಾಗಿ ವಿಶ್ವ ಪ್ರಶಸ್ತಿ ತಂದರು. ಇಷ್ಟಿದ್ದೂ ನಮ್ಮಲ್ಲಿ ತುಂಬಾ ಜನ ಈ ಆಟದ ನಿಯಮಗಳನ್ನು ಓದಿರೋದಿಲ್ಲ. ಕೇರಂ ಬೋರ್ಡ್‌ನ ಅಭ್ಯಾಸದಲ್ಲೇ ಟೇಬಲ್ ಹತ್ತಿರ ಬರುತ್ತೇವೆ.

ಸ್ನೂಕರ್‌ನಲ್ಲಿ ಫೌಲ್ ಆದರೆ ಎದುರಾಳಿಗೆ ಕನಿಷ್ಠ ನಾಲ್ಕು, ಹೆಚ್ಚೆಂದರೆ ಏಳು ಪಾಯಿಂಟ್. ಹೊಡೆಯಬೇಕಾದ ಚೆಂಡನ್ನು ಬಿಳಿ ಚೆಂಡು ಮೊದಲು ಮುಟ್ಟದಿದ್ದರೆ ಫೌಲ್. ಹೊಡೆಯುವಾಗ ಒಂದು ಕಾಲಾದರೂ ನೆಲದ ಮೇಲೆ ಇರದಿದ್ದರೆ ಫೌಲ್. ಕೈ, ತೋಳು, ಕ್ಯೂ ಯಾವುದಾದರೂ ಚೆಂಡಿಗೆ ತಾಗಿದರೂ ಫೌಲ್. ಬಟ್ಟೆ ತಾಗಿದರೂ ಅಷ್ಟೇ. ಕತ್ತಲ್ಲಿ ಐಡಿ ಕಾರ್ಡ್ ನೇತಾಡಿಸಿಕೊಂಡು ಆಡುವ ನಮ್ಮಂಥವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಬಗ್ಗಿದಾಗ ಆ ಟ್ಯಾಗ್ ಕೆಂಪು ಚೆಂಡನ್ನು ಸವರಿಕೊಂಡು ಹೋದರೆ ಹೊಡೆಯುವವನಿಗೆ ಗೊತ್ತೂ ಆಗೋದಿಲ್ಲ.

ಹಾಗಾದರೆ ಪಕ್ಕದಲ್ಲಿ ನೋಡುತ್ತಿದ್ದವನು ಹೇಳಬೇಕಾ? ನಿಯಮದಲ್ಲಿ ಇದಕ್ಕೆ ಸಂಬಂಧಪಟ್ಟ ಎರಡು ವಿಷಯ ಇವೆ. ಒಂದು, ಫೌಲ್ ಆದದ್ದನ್ನು ರೆಫರಿ ಹೇಳದೆ, ಎದುರಾಳಿಯೂ ಕೇಳಿ ಪಡೆಯದೆ ಮುಂದಿನ ಹೊಡೆತ ಆಗಿಬಿಟ್ಟರೆ ಆ ಫೌಲ್ ಮನ್ನಾ. ಮೂರು ಹೊಡೆತ ಆದಮೇಲೆ ‘ಆಗಲೇ ನಿನ್ನ ತೋಳು ತಾಗಿತ್ತು ಮಗಾ’ ಅನ್ನೋದಕ್ಕೆ ಅರ್ಥವೇ ಇಲ್ಲ. ಇನ್ನೊಂದು ನನಗೆ ಓದಿದಾಗ ಆಶ್ಚರ್ಯ ಆಗಿತ್ತು: ರೆಫರಿ ಏನನ್ನಾದರೂ ಗಮನಿಸದೇ ಇದ್ದರೆ, ಮಾರ್ಕರ್ ಅಥವಾ ಬೇರೆ ಅಧಿಕಾರಿಗಳನ್ನು ಕೇಳಬಹುದು, ಚೆನ್ನಾಗಿ ಕಾಣುವ ಜಾಗದಲ್ಲಿದ್ದ ಪ್ರೇಕ್ಷಕರನ್ನೂ ಕೇಳಬಹುದು! ಅಂದರೆ ನಿಯಮದ ಪುಸ್ತಕವೇ ನೋಡುವವರನ್ನು ಸಾಕ್ಷಿ ಅಂತ ಒಪ್ಪಿಕೊಂಡಿದೆ. ಆದರೆ ರೆಫರಿ ಕೇಳಬಹುದು ಅಂತಿದೆ, ಪ್ರೇಕ್ಷಕ ಕೂಗಬಹುದು ಅಂತಿಲ್ಲ.

‘ಚೆನ್ನಾಗಿ ಕಾಣುವ ಜಾಗ’ ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ, ಫಸ್ಟ್ ಇಯರ್ ಫಿಸಿಕ್ಸ್ ಇಲ್ಲಿ ಕೆಲಸಕ್ಕೆ ಬರುತ್ತೆ. ಜಗಳ ಹೆಚ್ಚಾಗಿ ಆಗೋದು ಎರಡು ಸಂದರ್ಭದಲ್ಲಿ. ಮೊದಲನೇದು, ಬಿಳಿ ಚೆಂಡು ಕೆಂಪನ್ನು ತೆಳ್ಳಗೆ ಸವರಿತಾ, ಇಲ್ಲಾ ತಪ್ಪಿತಾ? ಡಿಕ್ಕಿಯಾದಾಗ ಕೆಂಪು ಚೆಂಡು ಎರಡು ಚೆಂಡುಗಳ ಕೇಂದ್ರ ಸೇರಿಸುವ ರೇಖೆಯಲ್ಲೇ ಹೋಗುತ್ತೆ. ಅದರ ವೇಗ ಅಂದರೆ ಬಿಳಿ ಚೆಂಡಿನ ವೇಗ ಗುಣಿಸು ಕಾಸ್ ತೀಟಾ. ತೀಟಾ 89 ಡಿಗ್ರಿ ಇದ್ದರೆ ಕಾಸ್ ಬೆಲೆ ಸುಮಾರು 0.017. ಬಿಳಿ ಚೆಂಡು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬಂದರೂ ಕೆಂಪಿಗೆ ಸಿಗೋದು ಸೆಕೆಂಡಿಗೆ 1.7 ಸೆಂಟಿಮೀಟರ್ ಮಾತ್ರ. ಬಟ್ಟೆಯ ಘರ್ಷಣೆ ಅದನ್ನು ಒಂದೆರಡು ಮಿಲಿಮೀಟರ್‌ನೊಳಗೇ ನಿಲ್ಲಿಸಿಬಿಡುತ್ತೆ. ಕೆಂಪು ಚೆಂಡಿನ ಮೇಲೆ ಗುರುತೂ ಇರೋದಿಲ್ಲ, ಹಾಗಾಗಿ ಉರುಳಿತೋ ಇಲ್ಲವೋ ಗೊತ್ತಾಗಲ್ಲ.

ಈಗ ನೀವು ಟೇಬಲ್‌ನ ಪಕ್ಕದಲ್ಲಿ, ಹೊಡೆತದ ದಿಕ್ಕಿಗೆ ಅಡ್ಡವಾಗಿ ನಿಂತಿದ್ದೀರಿ ಅಂದುಕೊಳ್ಳಿ. ಬಿಳಿ ಚೆಂಡು ಕೆಂಪಿನ ಮುಂದೆ ಹಾದು ಹೋಗುವಾಗ ನಿಮ್ಮ ಕಣ್ಣಿಗೆ ಒಂದರ ಮೇಲೊಂದು ಬಂದ ಹಾಗೆ ಕಾಣುತ್ತೆ. ನಡುವೆ ಜಾಗ ಇದ್ದರೂ ಕಾಣಲ್ಲ. ಕೆಂಪು ಸರಿದರೂ ನಿಮ್ಮ ಕಡೆಗೋ ನಿಮ್ಮಿಂದ ದೂರಕ್ಕೋ ಸರಿಯುತ್ತೆ, ಅದೂ ಕಾಣಲ್ಲ. ನಿಜವಾಗಲೂ ಕಾಣೋದು ಹೊಡೆತದ ರೇಖೆಯಲ್ಲೇ ನಿಂತವನಿಗೆ, ಅಂದರೆ ಹೊಡೆದವನಿಗೆ, ಇಲ್ಲಾ ಅವನ ಎದುರು ತುದಿಯಲ್ಲಿ ಇರುವವನಿಗೆ. ತಮಾಷೆ ಏನಂದ್ರೆ, ಆ ಎದುರು ತುದಿಯಲ್ಲಿ ನಿಲ್ಲೋದೇ ಈ ಆಟದಲ್ಲಿ ದೊಡ್ಡ ಅಮರ್ಯಾದೆ. ಗುರಿ ಹಿಡಿಯುವವನ ಕಣ್ಣಿನ ನೇರಕ್ಕೆ ಎದುರಾಳಿಯೇ ನಿಲ್ಲಬಾರದು, ಅಲ್ಲಾಡಬಾರದು ಅಂತ ನಿಯಮ ಇದೆ. ಇನ್ನು ನೋಡೋರ ಪಾಡೇನು! ಹಾಗಾಗಿ ಮರ್ಯಾದೆಯಿಂದ ಪಕ್ಕದಲ್ಲಿ ನಿಂತ ಪ್ರೇಕ್ಷಕನಿಗೆ ಈ ವಿಷಯದಲ್ಲಿ ಹೇಳೋದಕ್ಕೆ ಇರುವ ಪ್ರಾಮಾಣಿಕ ಉತ್ತರ ಬಹುತೇಕ ಒಂದೇ: ‘ನನಗೆ ಕಾಣಲಿಲ್ಲ.’

ಎರಡನೇ ಜಗಳ ಪುಶ್ ಬಗ್ಗೆ. ಬಿಳಿ ಚೆಂಡು ಮತ್ತು ಕೆಂಪು ಬೆರಳಗಲ ದೂರದಲ್ಲಿದ್ದಾಗ ನೇರವಾಗಿ ಹೊಡೆದರೆ ಕ್ಯೂ ತುದಿ ಬಿಳಿ ಚೆಂಡನ್ನು ಎರಡನೇ ಸಲ ತಳ್ಳುವ ಸಾಧ್ಯತೆ ಹೆಚ್ಚು. ಎರಡೂ ಚೆಂಡಿನ ತೂಕ ಒಂದೇ ಆದ್ದರಿಂದ ನೇರ ಡಿಕ್ಕಿಯಲ್ಲಿ ಬಿಳಿ ಚೆಂಡು ತನ್ನ ವೇಗ ಪೂರ್ತಿ ಕೆಂಪಿಗೆ ಕೊಟ್ಟು ಹೆಚ್ಚುಕಡಿಮೆ ನಿಲ್ಲಬೇಕು. ಹಾಗಲ್ಲದೆ ಬಿಳಿಯೂ ಕೆಂಪಿನ ಬೆನ್ನಿಗೇ, ಅದೇ ವೇಗದಲ್ಲಿ, ತಡೆಯೇ ಇಲ್ಲದ ಹಾಗೆ ಓಡಿದರೆ ತಳ್ಳಿದ್ದಾರೆ ಅಂತ ಅರ್ಥ. ಇದು ಪಕ್ಕದಲ್ಲಿ ನಿಂತವನಿಗೇ ಚೆನ್ನಾಗಿ ಕಾಣುತ್ತೆ. ಹೊಡೆದವನಿಗೆ ಹಿಂದಿನಿಂದ ಕಾಣೋದು ಕಡಿಮೆ, ಆದರೆ ಕೈಗೆ ಗೊತ್ತಾಗುತ್ತೆ.

ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದವರು ಇರಬಹುದು. ಕೇಳದೆ ಹೇಳಬಾರದು. ಏಳು ಜನರೂ ಕಂಡದ್ದೆಲ್ಲ ಕೂಗೋಕೆ ಶುರು ಮಾಡಿದರೆ ಅದು ಏಳು ರೆಫರಿಗಳ ಆಟ ಆಗುತ್ತೆ. ಅದರಲ್ಲೂ ನಾವು ಎದುರಾಳಿಯ ಫೌಲನ್ನು ಬೇಗ ನೋಡುತ್ತೇವೆ, ರೂಮ್‌ಮೇಟ್ ಮಾಡಿದ ಫೌಲ್ ನಮಗೆ ಕಾಣೋದೇ ಇಲ್ಲ. ಆದರೆ ಇಬ್ಬರೂ ತಿರುಗಿ ‘ನೀನು ನೋಡಿದ್ಯಾ?’ ಅಂತ ಕೇಳಿದಾಗ, ರೂಮ್‌ಮೇಟ್ ಫೌಲ್ ಮಾಡಿದ್ದನ್ನು ಕಂಡೂ ‘ಗೊತ್ತಿಲ್ಲ’ ಅನ್ನೋದು ಸುಳ್ಳೇ. ಅವನ ಮುಖ ಸಪ್ಪೆಯಾಗುತ್ತೆ, ಟೇಬಲ್ ದುಡ್ಡೂ ಅವನ ತಲೆಗೆ ಬರುತ್ತೆ. ಆದರೂ ಹೇಳಬೇಕು.

ಮಾರ್ಕರ್ ಇದ್ದಾರಲ್ಲ, ಅವರನ್ನು ಕೇಳಿದರಾಯ್ತು ಅನ್ನೋರಿದ್ದಾರೆ. ಪಾರ್ಲರ್‌ನ ಮಾರ್ಕರ್ ಅಲ್ಲಿ ಸಂಬಳಕ್ಕೆ ಕೆಲಸ ಮಾಡೋರು. ಚೆಂಡು ಜೋಡಿಸಿ, ಸ್ಕೋರ್ ಬರೆದು, ನಾಲ್ಕು ಟೇಬಲ್ ನೋಡಿಕೊಳ್ಳುವವರು ದುಡ್ಡು ಕೊಡುವ ಗಿರಾಕಿಗೆ ‘ಸರ್, ಅದು ಫೌಲ್’ ಅನ್ನೋದು ಎಷ್ಟು ಕಷ್ಟ ಯೋಚಿಸಿ. ಅವರನ್ನು ನಮ್ಮ ಜಗಳದೊಳಗೆ ಎಳೆಯೋದು ನ್ಯಾಯ ಅಲ್ಲ ಅಂತ ನನಗನ್ನಿಸುತ್ತೆ.

ನಿಜ ಹೇಳಬೇಕಾದ ಮೊದಲ ವ್ಯಕ್ತಿ ಹೊಡೆದವನೇ. ಕ್ಯೂ ಆಟಗಳಲ್ಲಿ ತನ್ನ ಫೌಲನ್ನು ತಾನೇ ಹೇಳೋದು ಹಳೆಯ ಸಂಪ್ರದಾಯ. ಇದಕ್ಕೆ ಹತ್ತಿರದ ಉದಾಹರಣೆ ನಮ್ಮ ಜಿ. ಆರ್. ವಿಶ್ವನಾಥ್. 1980ರ ಬಾಂಬೆ ಜುಬಿಲಿ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ನಾಯಕ ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ ದೊಡ್ಡ ಜೊತೆಯಾಟ ಕಟ್ಟಿದರು, ಭಾರತ ಸೋತಿತು. ಅಲ್ಲಿ ಔಟ್ ಕೊಡೋಕೆ ಅಂಪೈರ್ ಇದ್ದರು, ವಿಶ್ವನಾಥ್ ಸುಮ್ಮನಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ನಮ್ಮ ಟೇಬಲ್ ಹತ್ತಿರ ಅಂಪೈರೂ ಇಲ್ಲ.

ಉಳಿದ ಮರ್ಯಾದೆಗಳು ಚಿಕ್ಕವು. ಬೇರೆಯವರು ಆಡುವಾಗ ಟೇಬಲ್ ಅಂಚಿಗೆ ಒರಗಬೇಡಿ, ಚಹಾ ಕಪ್ ಇಡಬೇಡಿ. ಒಳ್ಳೇ ಹೊಡೆತಕ್ಕೆ ಯಾರದ್ದಾದರೂ ಮೆಚ್ಚುಗೆ ತೋರಿಸಿ, ಫೌಲ್‌ಗೆ ಚಪ್ಪಾಳೆ ಬೇಡ. ‘ಪಿಂಕ್ ಆಡೋ, ಪಿಂಕ್!’ ಅಂತ ಪಿಸುಗುಟ್ಟೋದೂ ಮೋಸವೇ, ಯಾಕಂದ್ರೆ ರೆಫರಿಗೂ ಸಲಹೆ ಕೊಡುವ ಹಕ್ಕಿಲ್ಲ. ಒಂದೇ ಒಂದು ವಿನಾಯಿತಿ: ಬಣ್ಣಗುರುಡು ಇರುವ ಆಟಗಾರ ‘ಇದು ಕೆಂಪಾ, ಬ್ರೌನಾ?’ ಅಂತ ಕೇಳಿದರೆ ರೆಫರಿ ಹೇಳಲೇಬೇಕು. ರೆಫರಿ ಇಲ್ಲದ ಕಡೆ ಹತ್ತಿರ ಇದ್ದವರು ಹೇಳಲಿ, ನಗಬೇಡಿ.

ಬ್ರಾಂಚ್‌ಗಳ ನಡುವೆ ಮ್ಯಾಚ್ ಇಟ್ಟುಕೊಂಡಾಗ ಶುರುವಲ್ಲೇ ಇಬ್ಬರೂ ಒಪ್ಪುವ ಒಬ್ಬರನ್ನು ಟೇಬಲ್ ಪಕ್ಕ ನಿಲ್ಲಿಸಿಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತೆ. ಪುಶ್ ನೋಡೋಕೆ ಅದೇ ಒಳ್ಳೇ ಜಾಗ. ಸವರಿದ್ದು ಮಾತ್ರ ಅವರನ್ನು ಕೇಳಬೇಡಿ, ಹೊಡೆದವನನ್ನೇ ಕೇಳಿ.