ಜೋಡಿ ಅಂಕಿಯ ನಾಣ್ಯ

ನಮ್ಮೂರು ಕತ್ತಲಗೆರೆ. ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ. ಭತ್ತ, ಅಡಿಕೆ ನಮ್ಮ ಕಡೆಯ ಬೆಳೆ. ಹಗಲು ದುಡಿಯುತ್ತೇವೆ. ಸಂಜೆ ಕಲಿಕಾ ಕೇಂದ್ರಕ್ಕೆ ಬರುತ್ತೇವೆ.

ಒಂದು ಸಂಜೆ ನಮ್ಮ ಜೊತೆ ಕಲಿಯುವ ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಒಳಗೆ 2 ರೂಪಾಯಿಯ ನಾಣ್ಯವಿತ್ತು.

"ನೋಡ್ರೇ, ಇದರ ಇಸವಿ ಎರಡೆರಡಾಗಿ ಕಾಣ್ತದೆ. ಇದಕ್ಕೆ 2 ಲಕ್ಷ ಕೊಡ್ತೀನಿ ಅಂತ ಫೋನಲ್ಲಿ ಒಬ್ಬ ಹೇಳಿದ. ಮೊದಲು 1,500 ಫೀಸು ಕಟ್ಟು ಅಂದ. ಅಡಿಕೆ ಸುಲಿದ ಕೂಲಿ ಇತ್ತು, ಕಟ್ಟಿಬಿಟ್ಟೆ. ಈಗ ಇನ್ನೂ 4,000 ಕೇಳ್ತಾನೆ. ಕಟ್ಟಲೋ ಬೇಡವೋ?"

ಎಲ್ಲರೂ ಸುಮ್ಮನಾದೆವು. ಆಗ ನಮಗೆ ಕಲಿಸುವ ಮೇಷ್ಟ್ರು ಒಂದು ಭೂತಗನ್ನಡಿ ತಂದರು. "ಮೊದಲು ನಾಣ್ಯ ಹೇಗೆ ಆಗ್ತದೆ ಅಂತ ತಿಳಿಯೋಣ" ಎಂದರು.

ನಾಣ್ಯ ಮಾಡುವ ಜಾಗಕ್ಕೆ ಟಂಕಸಾಲೆ ಎನ್ನುತ್ತಾರೆ. ನಮ್ಮ ದೇಶದಲ್ಲಿ ನಾಲ್ಕು ಟಂಕಸಾಲೆಗಳಿವೆ. ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ. ಅಲ್ಲಿ ಲೋಹದ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಡುತ್ತಾರೆ. ಯಂತ್ರ ಬಲವಾಗಿ ಒತ್ತುತ್ತದೆ. ಎರಡೂ ಕಡೆ ಚಿತ್ರ, ಅಕ್ಷರ ಮೂಡುತ್ತವೆ. ಒಂದು ನಿಮಿಷಕ್ಕೆ ನೂರಾರು ನಾಣ್ಯ ಆಗುತ್ತವೆ.

ಅಂಕಿ ಎರಡಾಗಿ ಕಾಣಲು ಮುಖ್ಯವಾಗಿ ಎರಡು ಕಾರಣ.

ಒಂದು, ಅಚ್ಚು ಜಾರುವುದು. ನಾವು ಹೆಬ್ಬೆಟ್ಟು ಒತ್ತುತ್ತಿದ್ದ ಕಾಲ ನೆನಪಿದೆಯೇ? ಒತ್ತಿದ ಬೆರಳು ಸ್ವಲ್ಪ ಜಾರಿದರೆ ಗುರುತು ಕಲಸಿಹೋಗುತ್ತಿತ್ತು. ಇಲ್ಲೂ ಹಾಗೆಯೇ. ಅಚ್ಚು ಸಡಿಲವಾಗಿದ್ದರೆ, ಒತ್ತಿದ ಕೂಡಲೇ ಅಲುಗಿ, ಅಂಕಿಯ ಅಂಚನ್ನು ತಳ್ಳುತ್ತದೆ. ಇದು ಬಹಳ ನಾಣ್ಯಗಳಲ್ಲಿ ಆಗುತ್ತದೆ. ಇದಕ್ಕೆ ಹೆಚ್ಚಿನ ಬೆಲೆ ಇಲ್ಲ.

ಎರಡು, ಅಚ್ಚೇ ಜೋಡಿಯಾಗಿರುವುದು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದಲ್ಲೇ ಗೆರೆ ಎರಡಾಗಿದ್ದರೆ, ಅದರಲ್ಲಿ ಎರೆದ ಎಲ್ಲ ಅಚ್ಚಿನಲ್ಲೂ ಎರಡು ಗೆರೆ ಬರುತ್ತದೆ. ಉಕ್ಕಿನ ಅಚ್ಚು ಮಾಡುವಾಗಲೂ ಅಪರೂಪಕ್ಕೆ ಹೀಗೆ ತಪ್ಪುತ್ತದೆ. ಇಂಥ ನಾಣ್ಯವನ್ನು ಸಂಗ್ರಹಕಾರರು ಹುಡುಕುತ್ತಾರೆ. ಅಮೆರಿಕದಲ್ಲಿ 1955ರ ಒಂದು ಸೆಂಟಿನ ನಾಣ್ಯ ಹೀಗೆ ಆಗಿತ್ತು. 20 ಸಾವಿರಕ್ಕೂ ಹೆಚ್ಚು ನಾಣ್ಯ ಜನರ ಕೈ ಸೇರಿದವು. ಅದರ ಜೋಡಿ ಅಕ್ಷರ ಬರಿಗಣ್ಣಿಗೇ ಕಾಣುತ್ತದೆ. ಇವತ್ತಿಗೂ ಅದಕ್ಕೆ ಒಳ್ಳೆಯ ಬೆಲೆ ಇದೆ.

ಎರಡನ್ನೂ ಗುರುತಿಸುವುದು ಹೇಗೆ?

ಜಾರಿದ ಅಚ್ಚು: ಎರಡನೇ ಗೆರೆ ಚಪ್ಪಟೆ. ಮೆಟ್ಟಿಲಿನ ಹಾಗೆ ತಗ್ಗಿನಲ್ಲಿ ಇರುತ್ತದೆ. ಉಜ್ಜಿದಂತೆ ಹೊಳೆಯುತ್ತದೆ. ಮೂಲ ಅಂಕಿ ಸಣಕಲಾಗುತ್ತದೆ.

ಜೋಡಿ ಅಚ್ಚು: ಎರಡನೇ ಗೆರೆಯೂ ಮೊದಲಿನದರಂತೆ ಉಬ್ಬಿ, ದುಂಡಗೆ ಇರುತ್ತದೆ. ಅಂಕಿ ದಪ್ಪವಾಗಿ ಕಾಣುತ್ತದೆ. ಮೂಲೆಯಲ್ಲಿ ಸೀಳಿದ ಗುರುತು ಇರುತ್ತದೆ.

ಇನ್ನೊಂದು ಮಾತು. ಇಸವಿಯ ಕೆಳಗೆ ಚುಕ್ಕೆ, ನಕ್ಷತ್ರ, ವಜ್ರದ ಆಕಾರ ಇದ್ದರೆ ಅದು ತಪ್ಪಲ್ಲ. ಅದು ಟಂಕಸಾಲೆಯ ಗುರುತು. ಚುಕ್ಕೆ ನೋಯ್ಡಾದ್ದು, ನಕ್ಷತ್ರ ಹೈದರಾಬಾದಿನದು, ವಜ್ರ ಮುಂಬಯಿಯದು. ಕೋಲ್ಕತ್ತದ ನಾಣ್ಯಕ್ಕೆ ಗುರುತು ಇಲ್ಲ.

ಚಿತ್ರ ಒಂದು ಬದಿಗೆ ಸರಿದು, ಉಳಿದ ಜಾಗ ಖಾಲಿ ಬಿದ್ದ ನಾಣ್ಯವೂ ಅಪರೂಪ. ಅಂಥದ್ದು ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಿಕ್ಕಿದರೆ ಬೆಲೆ ಇಳಿಯುತ್ತದೆ.

ಅಕ್ಕ ಭೂತಗನ್ನಡಿ ಹಿಡಿದು ತಾನೇ ನೋಡಿದಳು. "ಚಪ್ಪಟೆ ಐತೆ. ಮೆಟ್ಟಿಲು ಇದ್ದಂಗೆ ಐತೆ. ಹಂಗಾದ್ರೆ ಇದು ಜಾರಿದ ಅಚ್ಚೇ" ಎಂದಳು. ಅವಳ ಮುಖ ಸಣ್ಣದಾಯಿತು.

"ನಾಣ್ಯ ಯಾವುದೇ ಇರಲಿ" ಎಂದರು ಮೇಷ್ಟ್ರು. "ಕೊಳ್ಳುವವನು ದುಡ್ಡು ಕೊಡಬೇಕು. ಮಾರುವವರಿಂದಲೇ ಮೊದಲು ದುಡ್ಡು ಕೇಳಿದರೆ ಅದು ಮೋಸ." ಹಳೆಯ ನಾಣ್ಯ, ನೋಟು ಕೊಳ್ಳುವ ಹೆಸರಿನಲ್ಲಿ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಇದಕ್ಕೆ ಶುಲ್ಕ ಕೇಳುವುದಿಲ್ಲ ಎಂದೂ ಹೇಳಿದೆ.

ಫೋನಿನಲ್ಲಿ ಮೋಸ ಹೋದರೆ 1930ಕ್ಕೆ ಕರೆ ಮಾಡಬೇಕು. ತಡ ಮಾಡಬಾರದು. ಅಕ್ಕ ಅಲ್ಲೇ ಕೂತು ಕರೆ ಮಾಡಿದಳು. ದೂರಿನ ಸಂಖ್ಯೆಯನ್ನು ತನ್ನ ಕೈಯಾರೆ ಪುಸ್ತಕದಲ್ಲಿ ಬರೆದುಕೊಂಡಳು. 1,500 ಕೈಬಿಟ್ಟಿತ್ತು. 4,000 ಉಳಿಯಿತು.

ಮನೆಗೆ ಹೋಗುವಾಗ ಅಂಗಡಿಯಲ್ಲಿ ಆ ನಾಣ್ಯ ಕೊಟ್ಟು ಒಂದು ಬೆಂಕಿಪೊಟ್ಟಣ ಕೊಂಡಳು. "ಇದರ ಬೆಲೆ ಇಷ್ಟೇ ಕಣ್ರೇ" ಎಂದು ನಕ್ಕಳು. ನಾವೂ ನಕ್ಕೆವು.

ಓದಿ, ಹೇಳಿ

1. ನಮ್ಮ ದೇಶದ ನಾಲ್ಕು ಟಂಕಸಾಲೆಗಳು ಯಾವುವು?
2. ಜಾರಿದ ಅಚ್ಚಿಗೂ ಜೋಡಿ ಅಚ್ಚಿಗೂ ಏನು ವ್ಯತ್ಯಾಸ?
3. ನಿಮ್ಮ ಬಳಿ ಇರುವ ನಾಣ್ಯ ತೆಗೆಯಿರಿ. ಇಸವಿ ಓದಿ. ಅದು ಯಾವ ಟಂಕಸಾಲೆಯದು?
4. ಮೋಸ ಹೋದರೆ ಯಾವ ನಂಬರಿಗೆ ಕರೆ ಮಾಡುತ್ತೀರಿ? ಬರೆಯಿರಿ.