ಅಳಿಸುವ ಮುಂಚೆ ಒಂದು ಮಾತು

ಹಾಡು ಸರಿಬರಲಿಲ್ಲ ಅನ್ನಿಸಿದರೆ ಆ ರೆಕಾರ್ಡಿಂಗನ್ನೇ ಫೋನಿನಿಂದ ಅಳಿಸಿಬಿಡುತ್ತೀಯಂತೆ. ಸರಿಬಂತು ಅನ್ನಿಸಿದರೆ ಅದೇ ರಾತ್ರಿ ಯೂಟ್ಯೂಬಿಗೆ ಏರಿಸುತ್ತೀಯಂತೆ. ಎರಡೂ ಅವಸರವೇ ತಾಯೀ. ಹಾಡು ಕಟ್ಟುವವರ ಹತ್ತಿರ ಹೊರಗೂ ಹೋಗದ, ಕಸಕ್ಕೂ ಬೀಳದ ಹಾಡುಗಳು ಒಂದಿಷ್ಟು ಇರಬೇಕು.

ಐರನ್ ಆಂಡ್ ವೈನ್ ಅನ್ನುವ ಹೆಸರಿನಲ್ಲಿ ಹಾಡುವ ಅಮೆರಿಕದ ಸ್ಯಾಮ್ ಬೀಮ್ ನಿನಗೆ ಗೊತ್ತಲ್ಲ, ಆ ಉದ್ದ ಗಡ್ಡದವನು. 2002ರಲ್ಲಿ ಸಬ್ ಪಾಪ್ ಕಂಪನಿ ಅವನ ಮೊದಲ ಆಲ್ಬಮ್ 'ದ ಕ್ರೀಕ್ ಡ್ರ್ಯಾಂಕ್ ದ ಕ್ರೇಡಲ್' ತಂದ ಕಾಲಕ್ಕೆ ಅವನು ಮಯಾಮಿಯಲ್ಲಿ ಸಿನಿಮಾ ಪಾಠ ಹೇಳುವ ಮೇಷ್ಟ್ರು. ಹಾಡುಗಳನ್ನೆಲ್ಲ ಮನೆಯಲ್ಲೇ, ಫೋರ್ ಟ್ರ್ಯಾಕ್ ಯಂತ್ರದಲ್ಲಿ, ಹೆಚ್ಚುಕಡಿಮೆ ಪಿಸುದನಿಯಲ್ಲಿ ಮುದ್ರಿಸಿಕೊಂಡಿದ್ದ. ಆಲ್ಬಮ್ಮಿಗೆ ಹೋದದ್ದು 11. ಅದೇ ದಿನಗಳಲ್ಲಿ ಮಾಡಿ ಉಳಿದುಹೋಗಿದ್ದ ಹಾಡುಗಳಲ್ಲಿ 16ನ್ನು 2015ರಲ್ಲಿ 'ಆರ್ಕೈವ್ ಸೀರೀಸ್'ನ ಮೊದಲ ಸಂಪುಟವಾಗಿ ತಾನೇ ಹೊರತಂದ. 2021ರಲ್ಲಿ ಇನ್ನೂ ಹಿಂದಕ್ಕೆ ಹೋಗಿ, 1998-99ರ ಸುಮಾರಿಗೆ ಟ್ಯಾಲಹಾಸಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಮನೆಯಲ್ಲಿ ಮುದ್ರಿಸಿದ್ದನ್ನೂ ಬಿಡುಗಡೆ ಮಾಡಿದ.

ಆ 16ನ್ನೂ ಒಂದೇ ಪಟ್ಟಿಗೆ ಕೂತು ಕೇಳಿದರೆ, ಹೇಳಬಾರದು, ತೂಕಡಿಕೆ ಬರುತ್ತದೆ. ಬಿಡಿಬಿಡಿಯಾಗಿ ಒಂದೊಂದೂ ಚೆನ್ನ. ಸಾಲಾಗಿ ಇಟ್ಟರೆ ನಡೆ ಒಂದೇ, ದನಿ ಒಂದೇ. ಮೊದಲ ಆಲ್ಬಮ್ಮಿನ ಆಯ್ಕೆ ಸರಿಯಾಗಿಯೇ ಇತ್ತು ಅಂತ ಗೊತ್ತಾಗುವುದು ಇಲ್ಲೇ. ಬಿಟ್ಟ ಹಾಡು ಕೆಟ್ಟ ಹಾಡೇ ಆಗಬೇಕಿಲ್ಲ, ಆ ಸಲಕ್ಕೆ ಅದಕ್ಕೆ ಜಾಗ ಸಿಗಲಿಲ್ಲ, ಅಷ್ಟೇ. ನೀನೂ ಬಿಡುವುದನ್ನು ಕಲಿ. ಎಸೆಯುವುದನ್ನು ಮಾತ್ರ ಕಲಿಯಬೇಡ.

ಇಟ್ಟುಕೊಂಡರೆ ಸಾಲದು, ಗುರುತು ಹಾಕಿ ಇಡಬೇಕು. ಆಗಿನ ಕಾಲದ ಕ್ಯಾಸೆಟ್ ಫೋರ್ ಟ್ರ್ಯಾಕ್ ಯಂತ್ರದ ಕಥೆ ಕೇಳು. ಟ್ಯಾಸ್ಕ್ಯಾಮ್ ಕಂಪನಿ 1979ರಲ್ಲಿ ಪೋರ್ಟಾಸ್ಟುಡಿಯೋ ತಂದ ಮೇಲೆ ಮನೆಯಲ್ಲಿ ಹಾಡುವವರ ಕೈಗೆ ಬಂದ ಯಂತ್ರ ಇದು. ಮಾಮೂಲಿ ಕ್ಯಾಸೆಟ್ಟಿನ ಟೇಪಿನಲ್ಲಿ ಎ ಸೈಡಿಗೆ ಎರಡು, ಬಿ ಸೈಡಿಗೆ ಎರಡು ಪಟ್ಟಿ ಇರುತ್ತವೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ, ಅದೂ ದುಪ್ಪಟ್ಟು ವೇಗದಲ್ಲಿ ಬಳಸುತ್ತಿತ್ತು. ಅಲ್ಲಿಗೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಿಗುವುದು 15 ನಿಮಿಷ. ಐದನೇ ವಾದ್ಯ ಬೇಕೆಂದರೆ ಮೂರು ಪಟ್ಟಿ ತುಂಬಿಸಿ, ಮೂರನ್ನೂ ನಾಲ್ಕನೆಯದಕ್ಕೆ ಬೆರೆಸಿ, ಆ ಮೂರರ ಮೇಲೆ ಮತ್ತೆ ಹೊಸದಾಗಿ ಮುದ್ರಿಸಬೇಕು. ಬೆರೆಸಿದ್ದನ್ನು ಆಮೇಲೆ ಬಿಡಿಸಲಾಗದು. ಅಂಥ ಕ್ಯಾಸೆಟ್ಟನ್ನು ಮನೆಯ ಟೇಪ್ ರೆಕಾರ್ಡರಿಗೆ ಹಾಕಿದರೆ ಹಾಡು ಅರ್ಧ ವೇಗದಲ್ಲಿ ಎಳೆದಾಡುತ್ತದೆ. ತಿರುಗಿಸಿ ಹಾಕಿದರೆ ಹಿಂದುಮುಂದಾಗಿ ಕೇಳುತ್ತದೆ. ಮೇಲೆ ಚೀಟಿ ಇಲ್ಲದಿದ್ದರೆ ಮುಂದೆ ಸಿಕ್ಕವರು ಕೆಟ್ಟ ಕ್ಯಾಸೆಟ್ ಅಂತ ಬಿಸಾಡುವುದೇ ಸೈ.

ನಿನ್ನದೂ ಬೇರೆಯೇನಲ್ಲ. 'ನ್ಯೂ ಪ್ರಾಜೆಕ್ಟ್ 7, ಫೈನಲ್, ಫೈನಲ್ 2' ಅಂತೆಲ್ಲ ಹೆಸರಿಟ್ಟ ಫೈಲುಗಳು ಹತ್ತು ವರ್ಷದ ಮೇಲೆ ಯಾವ ಆ್ಯಪಿನಲ್ಲಿ ತೆರೆಯುತ್ತವೆ, ಹೇಳು? ಹಾಡಿನ ಹೆಸರು, ತಾರೀಕು, ಶ್ರುತಿ, ಗಿಟಾರಿನ ಟ್ಯೂನಿಂಗು, ಜೊತೆಗೆ ನುಡಿಸಿದವರು ಯಾರು, ಇಷ್ಟನ್ನು ಬರೆದಿಡು. ಪ್ರತಿ ವಾದ್ಯವನ್ನೂ ಬೇರೆಬೇರೆ ವೇವ್ ಫೈಲಾಗಿ ಇಳಿಸಿಕೋ.

ಅಮೆರಿಕದ ಇನ್ನೊಬ್ಬ ಹಾಡುಗಾರ ಎಲಿಯಟ್ ಸ್ಮಿತ್ 2003ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 34 ವರ್ಷ. ಅವನ ಟೇಪುಗಳನ್ನೆಲ್ಲ ಜೋಡಿಸುವ ಕೆಲಸವನ್ನು ಮನೆಯವರು ಪೋರ್ಟ್‌ಲ್ಯಾಂಡಿನ ಲ್ಯಾರಿ ಕ್ರೇನ್‌ಗೆ ಒಪ್ಪಿಸಿದರು. ಅವನು ಜಾಕ್‌ಪಾಟ್ ಸ್ಟುಡಿಯೋದವನು, ಸ್ಮಿತ್‌ನ ಗೆಳೆಯ. ಆ ಟೇಪುಗಳಿಂದ ಆಯ್ದು 2007ರಲ್ಲಿ ಕಿಲ್ ರಾಕ್ ಸ್ಟಾರ್ಸ್ ಕಂಪನಿ ತಂದ 'ನ್ಯೂ ಮೂನ್' ಆಲ್ಬಮ್ ಎರಡು ಡಿಸ್ಕಿನದು, 24 ಹಾಡು, ಹೆಚ್ಚಿನವು 1994-97ರ ನಡುವಿನವು. ಅದರಲ್ಲಿ 'ಮಿಸ್ ಮಿಸರಿ'ಯ ಹಳೆಯ ರೂಪವನ್ನು ಹುಡುಕಿ ಕೇಳು. 'ಗುಡ್ ವಿಲ್ ಹಂಟಿಂಗ್' ಸಿನಿಮಾಕ್ಕೆ ಹೋಗಿ ಆಸ್ಕರ್ ನಾಮನಿರ್ದೇಶನ ಪಡೆದ ಹಾಡು ಅದೇ. ಹಳೆಯದರಲ್ಲಿ ಸಾಹಿತ್ಯ ಬೇರೆ. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ ಒಬ್ಬ ಹಾಡುಗಾರ ಏನನ್ನು ಇಟ್ಟುಕೊಂಡ, ಏನನ್ನು ತಿದ್ದಿದ ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಯಾವ ಗುರುಗಳೂ ಇಷ್ಟು ಬಿಡಿಸಿ ಹೇಳಿಕೊಡಲಾರರು. ಮೊದಲನೆಯದನ್ನು ಅಳಿಸಿದ್ದರೆ ಆ ಪಾಠ ಎಲ್ಲಿರುತ್ತಿತ್ತು?

ಆದರೂ ನನಗೆ ಬೀಮ್‌ನ ದಾರಿಯೇ ಮೇಲು. ಯಾವುದು ಹೊರಗೆ ಬರಬೇಕು, ಯಾವಾಗ ಬರಬೇಕು ಎಂದು ಅವನೇ ಕೂತು ತೀರ್ಮಾನಿಸಿದ. ಸ್ಮಿತ್‌ನ ವಿಷಯದಲ್ಲಿ ಆ ಭಾರ ಗೆಳೆಯನ ತಲೆಗೆ ಬಂತು. ಕ್ರೇನ್ ಅದನ್ನು ಮರ್ಯಾದೆಯಿಂದ ಹೊತ್ತ, ಸರಿ. ಎಲ್ಲರಿಗೂ ಅಂಥ ಗೆಳೆಯ ಸಿಗುತ್ತಾನೆಂಬ ಖಾತ್ರಿಯೇನಿಲ್ಲ.

ಈ ಭಾನುವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡ. ಫೋನಿನಲ್ಲಿರುವುದನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಡ್ರಮ್ಸ್ ಬಾರಿಸುವ ನಿನ್ನ ಗೆಳತಿಯ ಹತ್ತಿರ ಕೊಟ್ಟಿರು.